ಗುರುವಾರ ಭೂಮಿಗೆ ರಜೆ

ಕುಮಾಸಿ, ಘಾನಾ

ಪ್ರೀತಿಯ ಅಕ್ಕ,

ಮೊನ್ನೆ ಫೋನಿನಲ್ಲಿ ಅಮ್ಮ ಕೇಳಿದಳು, "ಅಲ್ಲಿಯವರಿಗೆ ದೇವರು ಯಾರು ಮಗಾ? ಎಲ್ಲರೂ ಇಗರ್ಜಿಗೆ ಹೋಗುವವರೇನಾ?" ನಾನು ಹೇಳಲು ಹೊರಟೆ, ಅಷ್ಟರಲ್ಲಿ ಲೈನ್ ಕಟ್ ಆಯಿತು. ಅದು ಫೋನಿನಲ್ಲಿ ಹೇಳಿ ಮುಗಿಸುವ ಉತ್ತರವೂ ಅಲ್ಲ ಬಿಡು. ಗೇರುಬೀಜದ ಸೀಸನ್ ಮುಗಿದಿದೆ. ಕೊನೆಯ ಲೋಡ್ ತೆಮಾ ಬಂದರಿಗೆ ಹೋಯಿತು. ಈಗ ಸ್ವಲ್ಪ ಪುರುಸೊತ್ತು ಸಿಕ್ಕಿದೆ, ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಅಮ್ಮನಿಗೂ ಮಾವನಿಗೂ ಓದಿ ಹೇಳು. ಮುಖ್ಯವಾಗಿ ಮಾವನಿಗೆ.

ಅಮ್ಮನ ಊಹೆ ಸರಿಯೇ. ಕುಮಾಸಿಯಲ್ಲಿ ಜಾಸ್ತಿ ಜನ ಕ್ರೈಸ್ತರು. ಮಸೀದಿಗಳೂ ಇವೆ. ಭಾನುವಾರ ಬೆಳಿಗ್ಗೆ ಬೀದಿಗಿಳಿದರೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಇಗರ್ಜಿಗೆ ಹೊರಟವರೇ ಎಲ್ಲ ಕಡೆ. ಆದರೆ ಇಲ್ಲಿನ ಅಸಾಂಟೆ ಜನರ ಒಳಗೆ ಅದಕ್ಕಿಂತ ತುಂಬಾ ಹಳೆಯದೊಂದು ಉಳಿದುಕೊಂಡಿದೆ. ಅದನ್ನು ಯಾವ ಗ್ರಂಥದಲ್ಲೂ ಹುಡುಕಬೇಕಾಗಿಲ್ಲ. ಇಡುವ ಹೆಸರಿನಲ್ಲಿದೆ, ವಾರದ ಲೆಕ್ಕದಲ್ಲಿದೆ, ರಾತ್ರಿ ಹೇಳುವ ಕಥೆಗಳಲ್ಲಿದೆ. ಅಸಾಂಟೆಯವರು ಅಕಾನ್ ಎನ್ನುವ ದೊಡ್ಡ ಸಮುದಾಯದ ಒಂದು ಭಾಗ. ಕರಾವಳಿಯ ಫಾಂಟೆಯವರು, ಉತ್ತರಕ್ಕೆ ಗೇರು ಬೆಳೆಯುವ ಬೊನೊ ಜನ, ಇವರೂ ಅಕಾನರೇ. ನಾನು ಬೀಜ ಖರೀದಿಗೆ ಹೋಗುವ ತೆಚಿಮಾನ್, ವೆಂಚಿ ಕಡೆಯವರೆಲ್ಲ ಬೊನೊಗಳು.

ನಾನು ಬಾಡಿಗೆಗಿರುವ ಮನೆಯ ಯಜಮಾನಿಗೆ ವಯಸ್ಸಾಗಿದೆ. ಎಲ್ಲರೂ 'ನಾನಾ' ಅಂತ ಕರೆಯುತ್ತಾರೆ. ಅಜ್ಜ, ಅಜ್ಜಿ, ಊರಿನ ಮುಖ್ಯಸ್ಥ, ಎಲ್ಲರಿಗೂ ಇಲ್ಲಿ ಅದೇ ಗೌರವದ ಮಾತು. ಎಜಿಸು ಹತ್ತಿರ ಇವರಿಗೆ ಜಮೀನಿದೆ. ಕೋಕೋ, ಮರಗೆಣಸು, ಬಾಳೆ ಹಾಕಿದ್ದಾರೆ. ಇಗರ್ಜಿಯನ್ನು ಒಂದು ಭಾನುವಾರವೂ ತಪ್ಪಿಸುವವರಲ್ಲ. ಹೋದ ವರ್ಷ ಮಳೆಗೆ ಮೊದಲು ನಮ್ಮ ಗೋದಾಮಿನ ಹಿಂದೆ ಚರಂಡಿ ತೋಡಿಸಬೇಕಿತ್ತು. ಅವರ ಅಳಿಯನಿಗೆ ಕೆಲಸ ಹೇಳಿದೆ. ಆ ಹುಡುಗ ಹಾರೆ ಹಿಡಿದು ಬರುವ ಮೊದಲೇ ಅಜ್ಜಿ ತಡೆದರು. "ಇವತ್ತು ಗುರುವಾರ. ನಾಳೆ ತೋಡಲಿ."

ಗುರುವಾರ ಭೂಮಿತಾಯಿಯ ದಿನ. ಅವಳ ಹೆಸರು ಅಸಾಸೆ ಯಾ. ಯಾ ಅಂದರೆ ಗುರುವಾರ ಹುಟ್ಟಿದವಳು. ಆ ದಿನ ಅಸಾಂಟೆ ನಾಡಿನಲ್ಲಿ ಮಣ್ಣು ಅಗೆಯಬಾರದು, ಉಳಬಾರದು. ಅವಳು ಮಲಗಿರುತ್ತಾಳೆ, ಎಬ್ಬಿಸಬಾರದು. ಫಾಂಟೆಯವರ ಲೆಕ್ಕದಲ್ಲಿ ಅವಳು ಹುಟ್ಟಿದ್ದು ಶುಕ್ರವಾರ, ಅವರಿಗೆ ಶುಕ್ರವಾರ ರಜೆ. ನನಗೆ ಜಾಸ್ತಿ ಹಿಡಿಸಿದ್ದು ಬೇರೆ ಒಂದು. ಇಷ್ಟು ದೊಡ್ಡ ದೇವಿಗೆ ಒಂದು ಗುಡಿ ಇಲ್ಲ. ಮೂರ್ತಿ ಇಲ್ಲ, ಪೂಜಾರಿ ಇಲ್ಲ, ಅವಳ ಹತ್ತಿರ ಪ್ರಶ್ನೆ ಇಟ್ಟು ಭವಿಷ್ಯ ಕೇಳುವ ಕ್ರಮವೂ ಇಲ್ಲ. ಅವಳಿಗೆ ಸಲ್ಲಿಸುವ ಪೂಜೆ ಅಂದರೆ ಒಂದು ದಿನ ಸುಮ್ನೆ ಬಿಡುವುದು, ಅಷ್ಟೇ. ಉಳಿದ ದಿನಗಳಲ್ಲಿ ಕೇಳಿ ಮುಟ್ಟಬೇಕು. ಹಳೆಯ ಕ್ರಮದಲ್ಲಿ ಬಿತ್ತನೆಗೆ ಮೊದಲು ರೈತ ಒಂದು ಕೋಳಿ, ಒಂದಿಷ್ಟು ಬೇಯಿಸಿದ ಗೆಡ್ಡೆ ಇಟ್ಟು ಅಪ್ಪಣೆ ಕೇಳುತ್ತಿದ್ದ. ಗೋರಿ ತೋಡುವಾಗಲೂ ನೆಲಕ್ಕೆ ಮದ್ಯ ಎರೆದು, ನಿನ್ನ ಮಗುವನ್ನು ನಿನ್ನಲ್ಲಿ ಮಲಗಿಸುತ್ತೇವೆ, ಅಗೆಯಲು ಬಿಡು ಎಂದು ಕೇಳಿಕೊಳ್ಳುತ್ತಾರೆ. ಇಲ್ಲಿನ ಡೋಲುಗಳು ಮಾತಾಡುತ್ತವೆ ಅಕ್ಕ. ಭಾಷೆಯ ಏರಿಳಿತವನ್ನೇ ಡೋಲಿನಲ್ಲಿ ನುಡಿಸುತ್ತಾರೆ. ಅದರಲ್ಲಿ ಭೂಮಿಗೆ ಹೇಳುವ ಹಳೆಯ ಮಾತೊಂದಿದೆ: ಸಾಯುವಾಗಲೂ ನಿನಗೇ ಒರಗುತ್ತೇನೆ, ಬದುಕಿರುವಾಗಲೂ ನಿನಗೇ ಒರಗಿದ್ದೇನೆ ಅಂತ.

ಕರಾವಳಿಯಲ್ಲಿ ಸಮುದ್ರಕ್ಕೆ ಮಂಗಳವಾರ ರಜೆ. ಕೇಪ್ ಕೋಸ್ಟ್, ಎಲ್ಮಿನಾ ಕಡೆ ಮಂಗಳವಾರ ಹೋದರೆ ಬಣ್ಣಬಣ್ಣದ ದೋಣಿಗಳೆಲ್ಲ ದಡದಲ್ಲಿ ಸಾಲಾಗಿ ನಿಂತಿರುತ್ತವೆ. ಗಂಡಸರು ನೆರಳಲ್ಲಿ ಕೂತು ಬಲೆ ಸರಿ ಮಾಡುತ್ತಾರೆ. ನಮ್ಮ ಗಂಗೊಳ್ಳಿಯಲ್ಲಿ ಜೂನ್, ಜುಲೈ ಟ್ರಾಲಿಂಗ್ ನಿಲ್ಲುವುದು ಸರ್ಕಾರದ ಆದೇಶದಿಂದ. ಇಲ್ಲಿ ಯಾವ ಸರ್ಕಾರವೂ ಇಲ್ಲದ ಕಾಲದಿಂದ ಸಮುದ್ರದ ದೇವರೇ ಆ ಆದೇಶ ಕೊಟ್ಟಿದ್ದಾನೆ. ಮೀನಿಗೂ ಉಸಿರಾಡಲು ಒಂದು ದಿನ, ಮೀನುಗಾರನ ಬೆನ್ನಿಗೂ ಒಂದು ದಿನ.

ಹೆಸರಿನ ಮಾತು ಹೇಳಿದೆನಲ್ಲ. ಇಲ್ಲಿ ಮಗು ಯಾವ ವಾರ ಹುಟ್ಟಿತೋ ಅದೇ ಅದರ ಮೊದಲ ಹೆಸರು. ಶುಕ್ರವಾರದ ಗಂಡು ಕೊಫಿ, ಶನಿವಾರದವನು ಕ್ವಾಮೆ, ಭಾನುವಾರದ ಹೆಣ್ಣು ಅಕೋಸುವಾ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಗಿದ್ದ ಕೊಫಿ ಅನ್ನಾನ್ ಇದೇ ಕುಮಾಸಿಯಲ್ಲಿ ಹುಟ್ಟಿದವರು, 1938ರ ಏಪ್ರಿಲ್ 8ರ ಶುಕ್ರವಾರ. ನಾನು ಹುಟ್ಟಿದ್ದು ಬುಧವಾರ ಎಂದು ಅಮ್ಮ ಯಾವಾಗಲೂ ಹೇಳುತ್ತಿದ್ದಳಲ್ಲ, ಅದನ್ನು ಇಲ್ಲಿ ಹೇಳಿದ್ದೇ ತಡ, ಎಲ್ಲರಿಗೂ ನಾನು ಕ್ವಾಕು ಆದೆ. ಕಥೆಗಳಲ್ಲಿ ಬರುವ ಜೇಡ ಅನಾನ್ಸೆಯೂ ಬುಧವಾರದವನೇ, ಕ್ವಾಕು ಅನಾನ್ಸೆ. ಓಣಿಯ ಮಕ್ಕಳಿಗೆ ಅದರಿಂದ ಭಾರೀ ಖುಷಿ.

ಇದರ ಹಿಂದೆ ಒಂದು ನಂಬಿಕೆ ಇದೆ. ಆಕಾಶದ ದೇವರು ನ್ಯಾಮೆ. ಮಗು ಇಲ್ಲಿಗೆ ಹೊರಡುವ ದಿನ ಅವನು ತನ್ನದೇ ಒಂದು ಕಿಡಿ ಕೊಟ್ಟು ಕಳಿಸುತ್ತಾನೆ. ಅದಕ್ಕೆ 'ಕ್ರಾ' ಎನ್ನುತ್ತಾರೆ. ಹೊರಟ ವಾರವೇ ಕ್ರಾದ ಹೆಸರು. ರಕ್ತ ಮಾತ್ರ ತಾಯಿಯಿಂದ ಬರುತ್ತದೆ, ಕುಲವೂ ತಾಯಿಯಿಂದಲೇ. ಮಾವನಿಗೆ ಇದು ಕೇಳಿ ಸಂತೋಷ ಆಗಬಹುದು. ಇಲ್ಲೂ ನಮ್ಮ ಹಾಗೆ ಅಳಿಯಕಟ್ಟು! ಹಕ್ಕು ಹೋಗುವುದು ಅಕ್ಕತಂಗಿಯರ ಮಕ್ಕಳಿಗೆ. ನಮ್ಮಲ್ಲಿ 'ಬಳಿ', ಅಂದರೆ ತಾಯಿ ಕಡೆಯ ಕುಲ, ಇದ್ದ ಹಾಗೆ ಇವರಿಗೆ 'ಅಬುಸುವಾ' ಇದೆ, ಅದರೊಳಗೆ ಮದುವೆ ಇಲ್ಲ. ರಾಜನನ್ನು ಹೆಸರಿಸುವವಳು ರಾಜಮಾತೆ. ನಾನಾ ಅಜ್ಜಿಗೆ ನಮ್ಮ ಮನೆಯ ಕಥೆ ಹೇಳಿದಾಗ ಅವರು ಒಂಚೂರೂ ಆಶ್ಚರ್ಯ ಪಡಲಿಲ್ಲ. ಲೋಕ ಇರಬೇಕಾದದ್ದೇ ಹಾಗೆ ಅನ್ನುವಂತೆ ತಲೆಯಾಡಿಸಿದರು.

ಹುಟ್ಟಿದ ಮಗುವನ್ನು ಏಳು ದಿನ ನೆಂಟನ ಹಾಗೆ ನೋಡುತ್ತಾರೆ. ಉಳಿಯುತ್ತದೋ, ವಾಪಸ್ ಹೋಗುತ್ತದೋ ಗೊತ್ತಿಲ್ಲ. ಎಂಟನೆಯ ದಿನ ಬೆಳಗಾಗುವಾಗ ಹೆಸರಿಡುತ್ತಾರೆ. ನಮ್ಮ ಗೋದಾಮಿನ ಕಾವಲುಗಾರನ ಮಗಳಿಗೆ ಹೆಸರಿಡುವಾಗ ನಾನೂ ಇದ್ದೆ. ಹಿರಿಯರೊಬ್ಬರು ಮಗುವಿನ ನಾಲಿಗೆಗೆ ಒಂದು ಹನಿ ನೀರು ಮುಟ್ಟಿಸಿದರು. ಆಮೇಲೆ ಒಂದು ಹನಿ ಮದ್ಯ. ನೀರನ್ನು ನೀರು ಅಂತಲೇ ಹೇಳು, ಮದ್ಯವನ್ನು ಮದ್ಯ ಅಂತಲೇ ಹೇಳು ಎಂದು ಕಿವಿಯ ಹತ್ತಿರ ಹೇಳಿದರು. ಮಗು ಮುಖ ಹುಳ್ಳಗೆ ಮಾಡಿತು, ಎಲ್ಲರೂ ನಕ್ಕರು. ಆದರೆ ಯೋಚನೆ ಮಾಡು ಅಕ್ಕ. ಶ್ರೀಮಂತನಾಗು, ದೊಡ್ಡ ಹುದ್ದೆಗೇರು ಅಂತ ಯಾರೂ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳು ಅನ್ನುವುದೇ ಈ ಲೋಕದ ಮೊದಲ ಪಾಠ. ನನಗೆ ಕಣ್ಣು ತುಂಬಿ ಬಂತು.

ಇನ್ನು ಕಥೆಗಳು. ಅನಾನ್ಸೆಯ ಕಥೆಗಳನ್ನು ಹಗಲು ಹೇಳಬಾರದು, ಕತ್ತಲಾಗಬೇಕು. ಶುರುವಿನಲ್ಲೇ ಹೇಳುವವರು ಒಂದು ಮಾತು ಹೇಳಿಬಿಡುತ್ತಾರೆ: ನಾವು ಹೇಳುವುದು ನಿಜ ಅಂತ ನಾವು ಹೇಳುತ್ತಿಲ್ಲ, ಹೇಳುತ್ತಿಲ್ಲ. ನಡುವೆ ಕೇಳುಗರು ಯಾರಾದರೂ ಕಥೆ ತಡೆದು ಒಂದು ಹಾಡು ಎತ್ತುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟಿ ಹಾಡುತ್ತಾರೆ, ಮತ್ತೆ ಕಥೆ ಮುಂದೆ ಹೋಗುತ್ತದೆ. ಕೊನೆಗೆ, ನನ್ನ ಕಥೆ ಸಿಹಿಯಾಗಿರಲಿ ಇಲ್ಲದಿರಲಿ, ಸ್ವಲ್ಪ ನೀವು ಒಯ್ಯಿರಿ, ಸ್ವಲ್ಪ ನನಗೆ ಮರಳಿ ಬರಲಿ ಎನ್ನುತ್ತಾರೆ. ಕಥೆಯೂ ಒಬ್ಬರ ಆಸ್ತಿ ಅಲ್ಲ.

ನ್ಯಾಮೆ ದೂರ ಹೋದ ಕಥೆಯನ್ನು ನಾನಾ ಅಜ್ಜಿಯಿಂದ ಕೇಳಿದೆ. ಮೊದಲು ಆಕಾಶ ತುಂಬಾ ಕೆಳಗೆ ಇತ್ತಂತೆ. ನ್ಯಾಮೆ ಮನುಷ್ಯರ ತಲೆಯ ಮೇಲೆಯೇ ಇದ್ದ, ಬೇಕಾದಾಗ ಮಾತಾಡಬಹುದಿತ್ತು. ಒಬ್ಬಳು ಮುದುಕಿ ದಿನಾ ಫುಫು ಕುಟ್ಟುತ್ತಿದ್ದಳು. ಫುಫು ಅಂದರೆ ಬೇಯಿಸಿದ ಮರಗೆಣಸು, ಬಾಳೆಕಾಯಿ ಒರಳಿಗೆ ಹಾಕಿ ಕುಟ್ಟಿ ಮಾಡುವ ಮುದ್ದೆ, ಇಲ್ಲಿನ ದಿನನಿತ್ಯದ ಊಟ. ಅವಳ ಒನಕೆ ಉದ್ದ. ಎತ್ತಿದಾಗಲೆಲ್ಲ ಮೇಲೆ ನ್ಯಾಮೆಗೆ ತಾಗುತ್ತಿತ್ತು. ಅವನು ಎಷ್ಟೋ ದಿನ ಸಹಿಸಿದ. ಕೊನೆಗೆ, ನಿನ್ನ ಒನಕೆಯ ಪೆಟ್ಟು ಸಾಕು, ನಾನು ಹೋಗುತ್ತೇನೆ ಎಂದು ಮೇಲೆ, ಮೇಲೆ ಹೋಗಿಬಿಟ್ಟ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮುದುಕಿಗೆ ಸಂಕಟವಾಯಿತು. ಮಕ್ಕಳನ್ನು ಕರೆದು, ಊರಿನ ಒರಳುಗಳನ್ನೆಲ್ಲ ತಂದು ಒಂದರ ಮೇಲೊಂದು ಪೇರಿಸಿ, ಹತ್ತಿ ಹೋಗಿ ಅವನನ್ನು ಮುಟ್ಟೋಣ ಎಂದಳು. ಪೇರಿಸಿದರು, ಪೇರಿಸಿದರು. ಒಂದೇ ಒಂದು ಒರಳು ಕಮ್ಮಿ ಬಿತ್ತು. ಊರಲ್ಲಿ ಇನ್ನೊಂದು ಇಲ್ಲ. ಮುದುಕಿ ಹೇಳಿದಳು, "ಅಡಿಯಲ್ಲಿ ಇರುವುದನ್ನು ತೆಗೆದು ಮೇಲಿಡಿ." ತೆಗೆದರು. ಎಲ್ಲ ಉರುಳಿತು, ಎಷ್ಟೋ ಜನ ಸತ್ತರು.

ಈ ಕಥೆ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುದುಕಿ ಪಾಪ ಮಾಡಿದವಳಲ್ಲ, ನೋಡು. ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳು. ಅವಳು ಮಾಡದೆ ಹೋದದ್ದು ಒಂದೇ, ಒನಕೆ ಎಲ್ಲಿಗೆ ತಾಗುತ್ತಿದೆ ಎಂದು ಒಮ್ಮೆ ತಲೆಯೆತ್ತಿ ನೋಡಲಿಲ್ಲ. ನಾವೂ ಹೊಟ್ಟೆಪಾಡಿಗೆ ಕುಟ್ಟುತ್ತಲೇ ಇದ್ದೇವೆ. ಸೀಸನ್ ಬಂತೆಂದರೆ ನಮ್ಮ ಲೈನಿನಲ್ಲಿ ಹಗಲಿಲ್ಲ, ರಾತ್ರಿಯಿಲ್ಲ. ಬೀಜದ ರೇಟು, ಗೋಣಿಯ ಲೆಕ್ಕ, ಹಡಗಿನ ತಾರೀಖು. ಪಕ್ಕದಲ್ಲಿದ್ದವರು ಯಾವಾಗ ದೂರ ಸರಿದರು ಎಂದು ಗೊತ್ತೇ ಆಗುವುದಿಲ್ಲ. ಆಮೇಲೆ ಗಾಬರಿಬಿದ್ದು ಇನ್ನೂ ದುಡಿಯುತ್ತೇವೆ, ಇನ್ನೂ ಪೇರಿಸುತ್ತೇವೆ. ಕೊನೆಗೆ ಒಂದು ಕಮ್ಮಿ ಬಿದ್ದಾಗ ಅಡಿಪಾಯಕ್ಕೇ ಕೈ ಹಾಕುತ್ತೇವೆ.

ಅನಾನ್ಸೆಯ ಗಡಿಗೆಯ ಕಥೆಯನ್ನು ನಿನ್ನ ಮಕ್ಕಳಿಗೆ ಹೇಳು, ಅವರಿಗೆ ಇಷ್ಟವಾಗುತ್ತದೆ. ಈ ಜೇಡ ಲೋಕದ ಬುದ್ಧಿಯನ್ನೆಲ್ಲ ಒಂದು ಗಡಿಗೆಗೆ ತುಂಬಿದ. ಯಾರಿಗೂ ಸಿಗದ ಹಾಗೆ ಎತ್ತರದ ಮರದ ತುದಿಯಲ್ಲಿಡಲು ಹೊರಟ. ಗಡಿಗೆಯನ್ನು ಹೊಟ್ಟೆಯ ಮುಂದೆ ಕಟ್ಟಿಕೊಂಡು ಮರ ಹತ್ತುತ್ತಾನೆ, ಜಾರುತ್ತಾನೆ, ಮತ್ತೆ ಹತ್ತುತ್ತಾನೆ. ಕೆಳಗೆ ನಿಂತು ನೋಡುತ್ತಿದ್ದ ಮಗ ಎನ್ಟಿಕುಮಾ, "ಅಪ್ಪಾ, ಗಡಿಗೆ ಬೆನ್ನಿಗೆ ಕಟ್ಟಿಕೊಂಡರೆ ಸುಲಭ ಅಲ್ವಾ?" ಎಂದ. ಎಲ್ಲ ಬುದ್ಧಿಯೂ ನನ್ನ ಗಡಿಗೆಯಲ್ಲಿದೆ ಅಂದುಕೊಂಡರೆ ಈ ಪುಟ್ಟ ಹುಡುಗನಿಗೆ ಇದು ಹೇಗೆ ಹೊಳೆಯಿತು? ಸಿಟ್ಟಿನಲ್ಲಿ ಗಡಿಗೆ ಕೈಜಾರಿ ಒಡೆಯಿತು. ಬುದ್ಧಿ ಎಲ್ಲ ಕಡೆ ಚೆಲ್ಲಿತು. ಓಡಿ ಬಂದವರೆಲ್ಲ ಸ್ವಲ್ಪ ಸ್ವಲ್ಪ ಬಾಚಿಕೊಂಡರು. ಅದಕ್ಕೇ ಇವತ್ತು ಯಾರೊಬ್ಬರ ಹತ್ತಿರವೂ ಪೂರ್ತಿ ಬುದ್ಧಿ ಇಲ್ಲ, ಒಂಚೂರೂ ಇಲ್ಲದವರೂ ಇಲ್ಲ.

ಈ ಕಥೆಗಳು ಎಲ್ಲೆಲ್ಲಿಗೆ ಹೋಗಿವೆ ಗೊತ್ತಾ? ಎಲ್ಮಿನಾದ ಕೋಟೆಯನ್ನು ಪೋರ್ಚುಗೀಸರು 1482ರಲ್ಲಿ ಕಟ್ಟಲು ಶುರು ಮಾಡಿದರು. ಮೊದಲು ಚಿನ್ನದ ವ್ಯಾಪಾರ, ಆಮೇಲೆ ಮನುಷ್ಯರ ವ್ಯಾಪಾರ. ಈ ಕರಾವಳಿಯ ಕೋಟೆಗಳಿಂದ ಗುಲಾಮರಾಗಿ ಹಡಗು ಹತ್ತಿದವರ ಹತ್ತಿರ ಏನೂ ಉಳಿದಿರಲಿಲ್ಲ. ಹೆಸರೂ ಕಿತ್ತುಕೊಂಡಿದ್ದರು. ಆದರೂ ಅನಾನ್ಸೆ ಅವರ ಜೊತೆ ಸಮುದ್ರ ದಾಟಿದ. ಜಮೈಕಾ, ಸುರಿನಾಮ್, ಕುರಸಾವ್‌ಗಳಲ್ಲಿ ಇವತ್ತಿಗೂ ಅವನ ಕಥೆ ಹೇಳುತ್ತಾರೆ. ಆ ಕೋಟೆಯ ಕತ್ತಲು ಕೋಣೆಯಲ್ಲಿ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ಬಲವಿಲ್ಲದ ಒಂದು ಜೇಡ ಹೆಬ್ಬಾವನ್ನೂ ಚಿರತೆಯನ್ನೂ ಉಪಾಯದಿಂದ ಹಿಡಿಯುವ ಕಥೆ ಆ ಜನರಿಗೆ ಯಾಕೆ ಬೇಕಿತ್ತು ಅಂತ ಅಲ್ಲಿ ನಿಂತರೆ ತಿಳಿಯುತ್ತದೆ.

ಕುಮಾಸಿಗೆ ಬಂದವರು ಮೊದಲು ಕೇಳುವುದು ಚಿನ್ನದ ಪೀಠದ ಕಥೆ. ಸುಮಾರು 1700ರ ಹೊತ್ತಿಗೆ ಒಸೇ ಟುಟು ಎಂಬ ರಾಜ ಚದುರಿದ್ದ ಅಸಾಂಟೆ ಊರುಗಳನ್ನು ಒಂದುಗೂಡಿಸಿದ. ಅವನ ಗುರು ಒಕೊಂಫೊ ಅನೋಚೆ ಆಕಾಶದಿಂದ ಒಂದು ಚಿನ್ನದ ಪೀಠ ಇಳಿಸಿದನಂತೆ. ಇಳಿದದ್ದು ಶುಕ್ರವಾರ, ಹಾಗಾಗಿ ಪೀಠಕ್ಕೂ ಕೊಫಿ ಅಂತಲೇ ಹೆಸರು. ಇಡೀ ನಾಡಿನ ಜೀವ ಅದರಲ್ಲಿದೆ. ಅದು ನೆಲಕ್ಕೆ ತಾಗಬಾರದು. ಅದರ ಮೇಲೆ ಯಾರೂ ಕೂರುವಂತಿಲ್ಲ, ರಾಜನೂ ಕೂಡ. ಹೊಸ ರಾಜನನ್ನು ಪೀಠದ ಮೇಲೆ ಮೂರು ಸಲ ಇಳಿಸುತ್ತಾರೆ, ತಾಗಿಸುವುದಿಲ್ಲ. ರಾಜ ಎಲ್ಲರಿಗಿಂತ ದೊಡ್ಡವನು, ಆದರೆ ಅವನಿಗಿಂತ ಮೇಲೆ ಒಂದು ಖಾಲಿ ಜಾಗ ಇದೆ.

1900ರಲ್ಲಿ ಬ್ರಿಟಿಷ್ ಗವರ್ನರ್ ಫ್ರೆಡರಿಕ್ ಹಾಡ್ಜ್‌ಸನ್ ಇಲ್ಲಿಗೆ ಬಂದ. ಪೀಠ ಎಲ್ಲಿ, ನಾನು ಅದರ ಮೇಲೆ ಯಾಕೆ ಕೂತಿಲ್ಲ ಎಂದು ಮುಖ್ಯಸ್ಥರ ಸಭೆಯಲ್ಲಿ ಕೇಳಿದ. ಅವನಿಗೆ ಅದು ಸಿಂಹಾಸನ. ಇವರಿಗೆ ಅದು ಜೀವ. ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ಯುದ್ಧಕ್ಕೆ ಮುಂದಾದಳು. ಇವಳೂ ಗುರುವಾರದವಳು ನೋಡು. ಕೊನೆಗೆ ಬ್ರಿಟಿಷರು ಗೆದ್ದರು. ಅವಳನ್ನು ಸೇಶೆಲ್ಸ್ ದ್ವೀಪಕ್ಕೆ ಗಡಿಪಾರು ಮಾಡಿದರು, 1921ರಲ್ಲಿ ಅಲ್ಲೇ ತೀರಿಕೊಂಡಳು. ಪೀಠ ಮಾತ್ರ ಅವರ ಕೈಗೆ ಸಿಗಲಿಲ್ಲ. ನಾನಾ ಅಜ್ಜಿಗೆ ಎಜಿಸು ತವರೂರು, ಈ ಕಥೆ ಹೇಳುವಾಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಅಕ್ಕ, ಇಲ್ಲಿ ಇದ್ದು ಇದ್ದು ನನಗೆ ಅನ್ನಿಸುವುದು ಇದು. ಇವರ ಕಥೆ, ನಿಯಮ ಯಾವುದನ್ನು ತೆಗೆದುಕೊಂಡರೂ ಒಂದೇ ಕಡೆ ಹೋಗಿ ನಿಲ್ಲುತ್ತದೆ. ಏನನ್ನಾದರೂ ಮುಟ್ಟದೆ ಬಿಡು. ಒಂದು ದಿನ, ಒಂದು ಪೀಠ, ಒಂದು ಕೆರೆ, ಒಂದು ಕಾಡು. ಕೈಗೆಟಕುವುದನ್ನೆಲ್ಲ ಎತ್ತಿಕೊಳ್ಳಬೇಡ. ಕುಮಾಸಿಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಬೊಸೊಂಟ್ವೆ ಎನ್ನುವ ಸರೋವರ ಇದೆ. ಸುಮಾರು ಹತ್ತು ಲಕ್ಷ ವರ್ಷದ ಹಿಂದೆ ಉಲ್ಕೆ ಬಿದ್ದು ಆದ ಗುಂಡಿ ಅದು. ಸತ್ತವರ ಜೀವ ಭೂಮಿತಾಯಿಗೆ ವಿದಾಯ ಹೇಳಲು ಅಲ್ಲಿಗೆ ಬರುತ್ತದೆ ಎಂದು ನಂಬಿಕೆ. ಆ ನೀರಿಗೆ ಕಬ್ಬಿಣ ತಾಗಿಸಬಾರದು ಎನ್ನುವುದು ಹಳೆಯ ನಿಯಮ. ಹಾಗಾಗಿ ಅಲ್ಲಿನ ಮೀನುಗಾರರು ದೋಣಿಯ ಬದಲು 'ಪಾದುವಾ' ಎಂಬ ಮರದ ಹಲಗೆಯ ಮೇಲೆ ಬೋರಲು ಮಲಗಿ, ಬರಿಗೈಯಲ್ಲಿ ನೀರು ತಳ್ಳಿಕೊಂಡು ಹೋಗುತ್ತಾರೆ. ಹಾಗೆ ಹೋದವನು ಎಷ್ಟು ಮೀನು ತಂದಾನು? ಮನೆಗೆ ಬೇಕಾದಷ್ಟು ಮಾತ್ರ.

ಇದನ್ನು ಮರೆತರೆ ಏನಾಗುತ್ತದೆ ಎನ್ನುವುದೂ ಇಲ್ಲೇ ಕಾಣುತ್ತದೆ. ಈ ನಾಡಿನ ಮಣ್ಣಲ್ಲಿ ಚಿನ್ನ ಇದೆ. ಲೈಸೆನ್ಸ್ ಇಲ್ಲದೆ ಚಿನ್ನ ಅಗೆಯುವುದಕ್ಕೆ 'ಗಲಾಮ್ಸೆ' ಎನ್ನುತ್ತಾರೆ. ಹಿಂದೆ ಗುದ್ದಲಿ, ಬಾಣಲೆಯಲ್ಲಿ ಮಾಡುತ್ತಿದ್ದರು. ಈಗ ಜೆಸಿಬಿಗಳು ಬಂದಿವೆ. ನದಿಯ ಪಾತ್ರವನ್ನೇ ಬಗೆದು, ಪಾದರಸ ಹಾಕಿ ಚಿನ್ನ ತೆಗೆಯುತ್ತಾರೆ. ಪ್ರಾ, ಒಫಿನ್, ಅಂಕೋಬ್ರಾ ನದಿಗಳು ಕೆಸರು ಬಣ್ಣಕ್ಕೆ ತಿರುಗಿವೆ. ಮಳೆಗಾಲದಲ್ಲಿ ನಮ್ಮ ಹೊಳೆ ಕೆಂಪಾಗುತ್ತದಲ್ಲ, ಇಲ್ಲಿ ಬೇಸಿಗೆಯಲ್ಲೂ ಹಾಗೇ. ಕೋಕೋ ತೋಟ ಮಾರಿ ಗುಂಡಿ ತೋಡಿಸಿದವರಿದ್ದಾರೆ. ಸರ್ಕಾರ 2017ರಲ್ಲಿ ನಿಷೇಧ ಹಾಕಿತು, ನಿಲ್ಲಲಿಲ್ಲ. 2024ರಲ್ಲಿ ಅಕ್ರಾದಲ್ಲಿ ಯುವಕರು ಬೀದಿಗಿಳಿದರು. ನದಿಗಳು ಇವರಿಗೆ ಬರೀ ನೀರಲ್ಲ ಅಕ್ಕ. ತಾನೊ ನದಿ ನ್ಯಾಮೆಯ ಮಗ, ತೆಚಿಮಾನ್ ಕಡೆಯ ಬಂಡೆಗಳ ನಡುವೆ ಹುಟ್ಟುವ ದೇವರು. ಈ ವಿಷಯ ಬಂದರೆ ನಾನಾ ಅಜ್ಜಿಗೆ ದುಃಖ ತಡೆಯುವುದಿಲ್ಲ. ಆ ಯಂತ್ರಗಳಿಗೆ ಗುರುವಾರ ಇಲ್ಲ ಎನ್ನುತ್ತಾರೆ. ಅಷ್ಟೇ ಹೇಳುತ್ತಾರೆ.

ಬಡ ಹುಡುಗರು ಹೊಟ್ಟೆಗಾಗಿ ಇಳಿಯುತ್ತಾರೆ, ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ನಂಬಿಕೆ ಒಂದೇ ನದಿಯನ್ನು ಕಾಯುತ್ತದೆ ಅಂತಲೂ ಹೇಳುವುದಿಲ್ಲ. ಕಾನೂನು ಬೇಕು, ಬೇರೆ ಕೆಲಸ ಸಿಗಬೇಕು. ಆದರೆ ನಂಬಿಕೆ ಗಟ್ಟಿ ಇದ್ದ ಕಡೆ ಏನು ಉಳಿದಿದೆ ಎಂದು ಕಣ್ಣಾರೆ ನೋಡಿದ್ದೇನೆ. ಅದನ್ನು ಹೇಳಿದರೆ ಮಾವನಿಗೆ ನಾನು ಏನು ಕೇಳಲು ಹೊರಟಿದ್ದೇನೆ ಎಂದು ಗೊತ್ತಾಗುತ್ತದೆ.

ತೆಚಿಮಾನ್‌ನಿಂದ ಎನ್ಕೊರಾಂಜಾ ದಾಟಿ ಹೋದರೆ ಬೊಅಬೆಂಗ್, ಫಿಯೆಮಾ ಎನ್ನುವ ಅವಳಿ ಹಳ್ಳಿಗಳಿವೆ. ಸುತ್ತ ಗೇರು ತೋಟ. ನಡುವೆ ಒಂದು ತುಂಡು ದಟ್ಟ ಕಾಡು. ಅಲ್ಲಿನ ಕೋತಿಗಳು ಊರ ದೇವರ ಮಕ್ಕಳು ಎಂದು ಹಿಂದಿನಿಂದ ನಂಬಿಕೆ. ಕೊಲ್ಲಬಾರದು, ತಿನ್ನಬಾರದು. ಈ ದೇಶದಲ್ಲಿ ಕಾಡುಪ್ರಾಣಿಯ ಮಾಂಸ ಎಲ್ಲೆಡೆ ತಿನ್ನುತ್ತಾರೆ. ಹಾಗಾಗಿ ಇದು ಸಣ್ಣ ಮಾತಲ್ಲ. ಅಲ್ಲಿ ಎರಡು ಜಾತಿಯ ಕೋತಿಗಳಿವೆ. ಮೋನಾ ಎನ್ನುವ ಚೂಟಿ ಕೋತಿಗಳು ಅಡುಗೆಮನೆಗೇ ನುಗ್ಗುತ್ತವೆ. ಉದ್ದ ಬಿಳಿ ಬಾಲದ ಕೊಲೊಬಸ್‌ಗಳು ಮರದ ಮೇಲಿಂದ ಇಳಿಯುವುದೇ ಕಮ್ಮಿ. ಈ ಕೊಲೊಬಸ್ ಪಶ್ಚಿಮ ಆಫ್ರಿಕಾದಲ್ಲಿ ಅಳಿದುಹೋಗುವ ಹಂತದಲ್ಲಿದೆ. ಕೋತಿ ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಕ್ರಮ ಮಾಡಿ ಹೂಳುತ್ತಾರೆ, ಅದಕ್ಕೆಂದೇ ಸ್ಮಶಾನ ಇದೆ.

ನಡುವೆ ಒಂದು ಕಾಲದಲ್ಲಿ ಕೆಲವರು, ಇದೆಲ್ಲ ಮೂಢನಂಬಿಕೆ ಎಂದು ಕೋತಿಗಳನ್ನು ಕೊಲ್ಲಲು ಶುರು ಮಾಡಿದ್ದರು. ಊರ ಹಿರಿಯರು ಸುಮ್ಮನೆ ಕೂರಲಿಲ್ಲ. 1975ರಲ್ಲಿ ಹಳೆಯ ನಿಯಮವನ್ನೇ ಕಾನೂನಾಗಿ ಬರೆಸಿಕೊಂಡರು. ಇವತ್ತು ಆ ಕಾಡು ಇದೆ, ಕೋತಿಗಳಿವೆ. ನೋಡಲು ಬರುವವರು ಕೊಡುವ ದುಡ್ಡಿನಲ್ಲಿ ಊರಿಗೂ ಪಾಲಿದೆ. ಕಾಡಿನೊಳಗೆ ಕಾಲಿಟ್ಟಾಗ ಹೊರಗಿನ ಬಿಸಿಲು ಹಿಂದೆ ಉಳಿಯಿತು. ಕೊಳೆತ ಎಲೆಯ ವಾಸನೆ, ಮರದ ಬಿಳಲು, ತಂಪು. ನನಗೆ ನಮ್ಮ ನಾಗಬನ ನೆನಪಾಯಿತು. ಬೇರೆ ಏನೂ ನೆನಪಾಗಲಿಲ್ಲ.

ಬನದ ಮರ ತೆಗೆಸಿ ಕಾಂಕ್ರೀಟ್ ಕಟ್ಟೆ ಕಟ್ಟಿಸುವ, ಸುತ್ತ ಇಂಟರ್‌ಲಾಕ್ ಹಾಕಿಸುವ ಮಾತು ನಡೆದಿದೆ ಎಂದು ನೀನು ಹೇಳಿದೆಯಲ್ಲ. ಮುಂಬೈಯಿಂದ ಬರುವವರಿಗೆ ಆಶ್ಲೇಷ ಬಲಿಯ ದಿನ ನಿಲ್ಲಲು ಜಾಗ ಇಲ್ಲ, ಸೊಳ್ಳೆ, ಜಾರಿಕೆ, ಕಾರು ತಿರುಗಿಸಲು ಆಗುವುದಿಲ್ಲ. ಮಾವ ಹೇಳುವುದು ಸುಳ್ಳಲ್ಲ. ವಯಸ್ಸಾದವರಿಗೆ ಕಷ್ಟವೇ. ಅವರು ಭಕ್ತಿಯಿಂದಲೇ ಈ ಕೆಲಸಕ್ಕೆ ಹೊರಟಿದ್ದಾರೆ, ನನಗೆ ಗೊತ್ತು. ಆದರೆ ಆ ಜಾಗವನ್ನು ನಮ್ಮ ಹಿರಿಯರು ಬಿಟ್ಟದ್ದು ನಾಗನಿಗೆ. ವರ್ಷದಲ್ಲಿ ಒಂದು ದಿನ ಹೋಗಿ ಹಾಲು, ಸೀಯಾಳದ ತನು ಎರೆದು ಬರುವ ನಮಗಾಗಿ ಅಲ್ಲ. ಉಳಿದ ದಿನ ಅದು ಹಾವಿನದು, ಹಕ್ಕಿಯದು, ಆ ಸುರಗಿ, ರೆಂಜೆ ಮರಗಳದು. ಮರ ಹೋಗಿ ಸಿಮೆಂಟು ಬಂದರೆ ನಾಗನ ಕಲ್ಲು ಉಳಿಯುತ್ತದೆ, ನಾಗ ಎಲ್ಲಿಗೆ ಹೋಗಬೇಕು? ನಮ್ಮ ಬಾವಿಯ ನೀರು ಏಪ್ರಿಲ್‌ನಲ್ಲೂ ಬತ್ತುವುದಿಲ್ಲ ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಾಳೆ. ಬನ ಮತ್ತು ಬಾವಿಯ ನಡುವೆ ಇರುವುದು ಒಂದು ಗದ್ದೆ ಮಾತ್ರ ಅಲ್ವಾ?

ಅದಕ್ಕೆ ನಾನು ಒಂದು ದಾರಿ ಯೋಚಿಸಿದ್ದೇನೆ. ಬನದ ಹೊರಗೆ, ಹಳೆಯ ಕೊಟ್ಟಿಗೆ ಇದ್ದ ಜಾಗ ಖಾಲಿ ಬಿದ್ದಿದೆ. ಅಲ್ಲಿ ಶೀಟ್ ಹಾಕಿಸಿ, ನೆಲ ಗಟ್ಟಿ ಮಾಡಿಸಿ, ಜನ ಕೂರುವ ಹಾಗೆ ಮಾಡೋಣ. ಕಾರೂ ಅಲ್ಲೇ ನಿಲ್ಲಲಿ. ಬನದ ಒಳಗೆ ಈಗಿರುವ ಕಾಲುದಾರಿಗೆ ಮಾತ್ರ ಕೆಂಪು ಕಲ್ಲಿನ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಬದಿ ಮರದ ಕಟಾಂಜನ. ಒಂದು ಮರವನ್ನೂ ಕಡಿಯುವುದು ಬೇಡ. ಶೀಟಿನ ಖರ್ಚು ಪೂರ್ತಿ ನಾನು ಕೊಡುತ್ತೇನೆ, ಈ ಸೀಸನ್ ಚೆನ್ನಾಗಿ ಆಗಿದೆ. ಮುಂಬೈಯವರಿಗೂ ನಾನೇ ಫೋನ್ ಮಾಡಿ ಹೇಳುತ್ತೇನೆ, ಮಾವ ಅವರ ಹತ್ತಿರ ಮಾತು ಕೇಳಬೇಕಾಗಿಲ್ಲ.

ಕಾಂಟ್ರಾಕ್ಟರಿಗೆ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ಅಂದೆ. ದಯವಿಟ್ಟು ಭಾನುವಾರದ ತನಕ ತಡೆದು ಇಡು. ನಿಮ್ಮ ಹೊತ್ತು ರಾತ್ರಿ ಎಂಟಕ್ಕೆ ನಾನು ಫೋನ್ ಮಾಡುತ್ತೇನೆ. ಇಲ್ಲಿ ಆಗ ಮಧ್ಯಾಹ್ನ ಎರಡೂವರೆ, ನಾನಾ ಅಜ್ಜಿಯೂ ಇಗರ್ಜಿಯಿಂದ ಬಂದಿರುತ್ತಾರೆ. ಅಮ್ಮನಿಗೆ ಅವರ ಹತ್ತಿರ ಮಾತಾಡುವ ಆಸೆ ಇತ್ತಲ್ಲ, ನಡುವೆ ನಾನು ಕೂತು ಹೇಳುತ್ತೇನೆ. ಮಾವ ಫೋನಿನ ಹತ್ತಿರ ಇರುವ ಹಾಗೆ ನೋಡಿಕೋ. ಭಾವನಿಗೆ ನಮಸ್ಕಾರ ಹೇಳು, ಮಕ್ಕಳಿಗೆ ಮುದ್ದು.

ನಿನ್ನ ತಮ್ಮ